ಪೈಥಾನ್: ಹೆಸರಿನಲ್ಲಿ ಚುಕ್ಕಿ ಇದ್ದರೆ ಸೆಟ್‌ಆಟ್ರ್ ಕೆಲಸ ಮಾಡುತ್ತಿಲ್ಲ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಪುಣೆಯ ಕೋಥ್ರೂಡ್‌ನಲ್ಲಿರುವ ನಮ್ಮ ಕನ್ನಡ ಬಳಗದ ಸದಸ್ಯರ ಪಟ್ಟಿಗೆ ಪೈಥಾನ್‌ನಲ್ಲಿ ಸಣ್ಣ ಪ್ರೋಗ್ರಾಂ ಬರೆಯುತ್ತಿದ್ದೇನೆ. ಯಾವ ಅಟ್ರಿಬ್ಯೂಟ್ (ಸದಸ್ಯರ ಆಬ್ಜೆಕ್ಟಿನಲ್ಲಿರುವ ಒಂದೊಂದು ಮಾಹಿತಿ) ಬದಲಿಸಬೇಕು ಅನ್ನುವುದು ಎಕ್ಸೆಲ್ ಕಾಲಂನಿಂದ ಸ್ಟ್ರಿಂಗ್ ಆಗಿ ಬರುತ್ತದೆ. 'ಫೋನ್' ಥರದ ಒಂಟಿ ಹೆಸರಿಗೆ ಓದುವ ಗೆಟ್‌ಆಟ್ರ್, ಬದಲಿಸುವ ಸೆಟ್‌ಆಟ್ರ್ ಎರಡೂ ಸರಿ. ತೊಂದರೆ ಇರುವುದು 'ವಿಳಾಸ.ಪಿನ್', ಅಂದರೆ ವಿಳಾಸದ ಒಳಗಿನ ಪಿನ್, ಬಂದಾಗ. ಗೆಟ್‌ಆಟ್ರ್ ಎರರ್ ಕೊಟ್ಟಿತು. ಆಪರೇಟರ್ ಮಾಡ್ಯೂಲ್‌ನ ಆಟ್ರ್‌ಗೆಟರ್ ಹಾಕಿದೆ, ಓದುವುದೇನೋ ಆಯ್ತು.

ಆದರೆ ಸೆಟ್‌ಆಟ್ರ್ ಎರರೂ ಕೊಡದೆ ಸುಮ್ನೆ ಮುಗಿಯುತ್ತದೆ, ಪಿನ್ ಮಾತ್ರ ಹಳೆಯದೇ! ಆಬ್ಜೆಕ್ಟಿನ ಡಿಕ್ಟ್ (ಅದರ ಅಟ್ರಿಬ್ಯೂಟ್‌ಗಳ ಪಟ್ಟಿ) ಪ್ರಿಂಟ್ ಮಾಡಿ ನೋಡಿದರೆ, ಚುಕ್ಕಿ ಸಮೇತ 'ವಿಳಾಸ.ಪಿನ್' ಅಂತಲೇ ಹೊಸ ಅಟ್ರಿಬ್ಯೂಟ್ ಕೂತಿದೆ. ಎರಡು ಸಂಜೆ ಇದರಲ್ಲೇ ಹೋಯಿತು.

ಅಟ್ರಿಬ್ಯೂಟ್‌ನ ಮೌಲ್ಯ ಬದಲಿಸುವುದಕ್ಕೂ ಆಟ್ರ್‌ಗೆಟರ್ ಥರ ರೆಡಿಮೇಡ್ ಏನಾದರೂ ಇದೆಯಾ? ಇಲ್ಲ, ಚುಕ್ಕಿಯಲ್ಲಿ ಒಡೆದು ಒಳಗಿನ ಆಬ್ಜೆಕ್ಟ್ ತನಕ ನಾವೇ ಹೋಗಬೇಕಾ?