ಹೊಳೆ ಮೀನು, ತೋಟದ ಔಷಧಿ: ನಮ್ಮ ಗುಂಪಿನಲ್ಲಿ ಮೀನು ತಜ್ಞೆಗೆ ಕೇಳಿದ್ದು

ಸಿದ್ದಾಪುರದ ಸದಸ್ಯ: ಮೇಡಂ, ನಮ್ಮೂರ ಹೊಳೆ ಗುಂಡಿಯಲ್ಲಿ ನಿನ್ನೆ ಮಧ್ಯಾಹ್ನ ರಾಶಿ ಮೀನು ತೇಲಿತ್ತು. ಚಿಕ್ಕದು, ದೊಡ್ಡದು ಎಲ್ಲಾ. ಸಿಗಡಿ, ಏಡಿಯೂ ಸತ್ತಿವೆ. ಹುಡುಗರು ಚೀಲ ತುಂಬಿ ತಂದು ನಾಲ್ಕು ಮನೆಗೆ ಹಂಚಿದ್ದಾರೆ. ತಿನ್ನಬಹುದಾ?

ತಜ್ಞೆ: ಬೇಡ. ಉಳಿದ ಮನೆಗಳಿಗೆ ಮೊದಲು ಫೋನ್ ಮಾಡಿ, ಆಮೇಲೆ ಮುಂದೆ ಓದಿ.

ಬೇಸಿಗೆಯಲ್ಲಿ ಹರಿವು ನಿಂತ ಗುಂಡಿಯಲ್ಲಿ ಆಮ್ಲಜನಕ ಕಡಿಮೆಯಾಗಿಯೂ ಮೀನು ಸಾಯುತ್ತದೆ. ಆದರೆ ಅದು ಹೆಚ್ಚಾಗಿ ಬೆಳಗಿನ ಜಾವ. ಮೀನು ಮೇಲೆ ಬಂದು ಬಾಯಿ ಬಡಿಯುತ್ತದೆ, ದೊಡ್ಡವು ಮೊದಲು ಸಾಯುತ್ತವೆ. ನಿಮ್ಮಲ್ಲಿ ನಡು ಮಧ್ಯಾಹ್ನ, ಎಲ್ಲಾ ಗಾತ್ರದ್ದು, ಜೊತೆಗೆ ಸಿಗಡಿ, ಏಡಿ. ಸೈಪರ್‌ಮೆಥ್ರಿನ್ ಥರದ ಕೀಟನಾಶಕ ಸ್ವಲ್ಪ ಬಿದ್ದರೂ ಸಿಗಡಿ ಉಳಿಯುವುದಿಲ್ಲ. ಮೀನು ಹಿಡಿಯಲಿಕ್ಕೆಂದೇ ಯಾರೋ ಬಾಟಲಿ ಸುರಿದಿದ್ದಾರೆ ಅಂತ ನನ್ನ ಅನುಮಾನ. ನೀರಿಗೆ ವಿಷ ಹಾಕಿ ಮೀನು ಹಿಡಿಯುವುದು 1897ರ ಮೀನುಗಾರಿಕೆ ಕಾಯ್ದೆಯಲ್ಲೇ ಅಪರಾಧ. ದಂಡೆಯಲ್ಲಿ ಖಾಲಿ ಡಬ್ಬಿ ಇದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಲೇಬಲ್ ಫೋಟೋ ತೆಗೆಯಿರಿ. ನೀರನ್ನು ಗಾಜಿನ ಬಾಟಲಿಗೆ ತುಂಬಿ, ಎರಡು ಮೀನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಐಸ್‌ನಲ್ಲಿಡಿ, ಪಂಚಾಯತಿಗೂ ಮೀನುಗಾರಿಕೆ ಇಲಾಖೆಗೂ ತಿಳಿಸಿ. ದನ ಇಳಿಸಬೇಡಿ. ತಿಂದವರಿಗೆ ವಾಂತಿ, ವಿಪರೀತ ಬೆವರು, ಜೊಲ್ಲು, ಉಸಿರಾಟದ ತೊಂದರೆ ಕಂಡರೆ ಕಾಯಬೇಡಿ, 108.

ಸಿದ್ದಾಪುರದ ಸದಸ್ಯ: ಮೂರು ಮನೆಯವರು ಎಸೆದರು. ಒಂದು ಮನೆಯಲ್ಲಿ ರಾತ್ರಿಯೇ ಸಾರು ಮಾಡಿದ್ದಾರೆ, ಆರಾಮ ಇದ್ದಾರಂತೆ.

ತಜ್ಞೆ: ಆರಾಮ ಇದ್ದರೂ ಇವತ್ತೇ ಡಾಕ್ಟರಿಗೆ ತೋರಿಸಲಿ. ಲೇಬಲ್ ಫೋಟೋ ಸಿಕ್ಕರೆ ಅದನ್ನೂ ಒಯ್ಯಲಿ.

ಅಂಕೋಲಾದ ಸದಸ್ಯೆ: ಫಾರ್ವರ್ಡ್ ಬಂದಿದೆ. ಅರಿಶಿನ, ಉಪ್ಪು, ಮುರುಗಲು ಹುಳಿ ನೀರಲ್ಲಿ ಅರ್ಧ ಗಂಟೆ ನೆನೆಸಿದರೆ ಎಲ್ಲಾ ವಿಷ ಹೋಗುತ್ತದಂತೆ, ಹೌದಾ ಮೇಡಂ?

ತಜ್ಞೆ: ಹೋಗುವುದಿಲ್ಲ. ವಿಷ ಮಾಂಸ, ಕೊಬ್ಬು, ಯಕೃತ್ತಿನ ಒಳಗಿರುತ್ತದೆ, ಹುಳಿ ನೀರು ಅಲ್ಲಿಗೆ ಮುಟ್ಟುವುದಿಲ್ಲ. ದಯವಿಟ್ಟು ಅದನ್ನು ಮುಂದೆ ಕಳಿಸಬೇಡಿ. ಇದನ್ನು ನಂಬಿ ಸತ್ತ ಮೀನು ಬೇಯಿಸುವವರಿದ್ದಾರೆ.

ಕುಮಟಾದ ಸದಸ್ಯೆ: ಅಘನಾಶಿನಿ ಹೊಳೆಯ ಬಳಚು (ಚಿಪ್ಪುಮೀನು) ತಿನ್ನಬಹುದಾ? ಸೊಸೆ ಬಸುರಿ.

ಕಾರವಾರದ ಸದಸ್ಯ: ಗೋವಾ ಕಡೆಯ ಮೀನಿಗೆ ಕೆಡದಿರಲಿ ಅಂತ ಫಾರ್ಮಾಲಿನ್ ಹಾಕುತ್ತಾರಾ?

ಹೊನ್ನಾವರದ ಸದಸ್ಯ: ಇದಕ್ಕೆಲ್ಲಾ ಕಾರಣ ಘಟ್ಟದ ಮೇಲಿನ ಅಡಿಕೆ ತೋಟ. ಮಳೆಗಾಲವಿಡೀ ಔಷಧಿ ಹೊಡೆಯುತ್ತಾರೆ, ನಮ್ಮ ಹೊಳೆಗೇ ಬರುತ್ತದೆ.

ಶಿರಸಿಯ ತೋಟದವರು: ಸುಮ್ನೆ ಹೇಳಬೇಡಿ. ಕೊಳೆ ರೋಗಕ್ಕೆ ಹೊಡೆಯುವುದು ಬೋರ್ಡೋ. ಮೈಲುತುತ್ತ, ಸುಣ್ಣ, ನೀರು, ಅಷ್ಟೇ. ಹೊಡೆಯದಿದ್ದರೆ ಅಡಿಕೆ ಕೊನೆ ಪೂರ್ತಿ ಉದುರುತ್ತದೆ, ನೀವು ಬಂದು ಸಾಲ ಕಟ್ಟುತ್ತೀರಾ?

ಹೊನ್ನಾವರದ ಸದಸ್ಯ: ಎಂಡೋಸಲ್ಫಾನ್ ಕೀಟನಾಶಕ ಹೊಡೆದಾಗಲೂ ಹೀಗೇ ಹೇಳಿದ್ದರು.

ಶಿರಸಿಯ ತೋಟದವರು: ಅದನ್ನು 2011ರಲ್ಲೇ ಸುಪ್ರೀಂ ಕೋರ್ಟ್ ನಿಲ್ಲಿಸಿದೆ. ಎರಡನ್ನೂ ಒಂದೇ ಮಾಡುವವರ ಹತ್ತಿರ ಮಾತೇ ಬೇಡ.

ಹೊನ್ನಾವರದ ಸದಸ್ಯ: ಬೇಡ ಅಂದ್ರೆ ಬಿಡಿ. ಬಲೆ ಖಾಲಿ ಬಂದಾಗ ನಿಮ್ಮನೇಲಿ ಊಟ ಹಾಕ್ತೀರಾ?

ತಜ್ಞೆ: ಇಬ್ಬರೂ ನಿಲ್ಲಿಸಿ. ಬೋರ್ಡೋ ಎಂಡೋಸಲ್ಫಾನ್ ಅಲ್ಲ, ನಿಜ. ಆದರೆ ಮೈಲುತುತ್ತದಲ್ಲಿರುವ ತಾಮ್ರ ಮೀನಿನ ಕಿವಿರು ಕೆಡಿಸುತ್ತದೆ. ಘಟ್ಟದ ಹಳ್ಳಗಳದ್ದು ಸುಣ್ಣದಂಶ ಕಡಿಮೆ ಇರುವ ಮೆದು ನೀರು, ಅದರಲ್ಲಿ ತಾಮ್ರದ ವಿಷ ಇನ್ನೂ ಜಾಸ್ತಿ. ತೋಟದಲ್ಲಿ ಬಿದ್ದದ್ದು ಬಹುಪಾಲು ಮಣ್ಣಿಗೆ ಅಂಟಿಕೊಳ್ಳುತ್ತದೆ. ತೊಂದರೆ ಆಗುವುದು ಡ್ರಮ್ಮು, ಪಂಪು ಹಳ್ಳದಲ್ಲೇ ತೊಳೆದಾಗ. ಆ ನೀರನ್ನು ಹಳ್ಳದಿಂದ ದೂರ, ತೋಟದೊಳಗೇ ಚೆಲ್ಲಿ.

ಶಿರಸಿಯ ತೋಟದವರು: ಕೆಲಸದವರು ಎಲ್ಲಿ ತೊಳೆಯುತ್ತಾರೆ ಅಂತ ನಾನು ಹಿಂದೆ ಹೋಗಿ ನೋಡಲಾ?

ತಜ್ಞೆ: ಹೌದು, ನೋಡಿ.

ಭಟ್ಕಳದ ಸದಸ್ಯ: ತೇಲಿದ ಮೀನು ಚೆನ್ನಾಗಿ ಹುರಿದರೆ ಪರವಾಗಿಲ್ಲವಾ?

ತಜ್ಞೆ: ಇಲ್ಲ. ಮೇಲೆ ಓದಿ.

ಕುಮಟಾದ ಸದಸ್ಯೆ: ಮೇಡಂ, ಬಳಚಿನದ್ದು ಕೇಳಿದ್ದೆ, ಉತ್ತರ ಬರಲಿಲ್ಲ.