ಅಪ್‌ಡೇಟ್: ಸೋದರತ್ತೆಯ ಬಿಆರ್‌ಸಿಎ ರಿಪೋರ್ಟ್ ಬಂತು

ಸೋದರತ್ತೆಗೆ (ಅಪ್ಪನ ಒಡಹುಟ್ಟಿದವರಿಗೆ) ಸ್ತನ ಕ್ಯಾನ್ಸರ್ ಬಂದಿದೆ, ನಾನೂ ಬಿಆರ್‌ಸಿಎ ಜೀನ್ (ಇದರಲ್ಲಿ ದೋಷ ಇದ್ದರೆ ಸ್ತನ ಕ್ಯಾನ್ಸರ್ ಅಪಾಯ ಜಾಸ್ತಿ) ಟೆಸ್ಟ್ ಮಾಡಿಸಬೇಕಾ ಅಂತ ಇಲ್ಲಿ ಕೇಳಿದ್ದೆ. ನೀವು ಹೇಳಿದಂತೆ ಮೊದಲು ಅತ್ತೆಗೇ ಮಾಡಿಸಿದೆವು. ಕಾಯಿಲೆ ಬಂದವರಲ್ಲಿ ದೋಷ ಸಿಕ್ಕರೆ ಉಳಿದವರು ಅದೊಂದನ್ನೇ ಹುಡುಕಿಸಿದರೆ ಸಾಕು, ಖರ್ಚೂ ಕಡಿಮೆ.

ಅತ್ತೆಯ ಬಿಆರ್‌ಸಿಎ1 ಜೀನ್‌ನಲ್ಲಿ ದೋಷ ಇದೆ. ಅಪ್ಪನ ಕಡೆಯಿಂದ ಇದು ಬರಲ್ಲ ಅಂತ ಮನೆಯವರ ನಂಬಿಕೆ, ಆದರೆ ಅದು ತಪ್ಪು. ಅಪ್ಪನಲ್ಲಿದ್ದರೆ ಮಗ, ಮಗಳು ಯಾರಿಗಾದರೂ ಬರುವ ಸಾಧ್ಯತೆ 50%. ಹಾಗಾಗಿ ಈಗ ಅಪ್ಪನ ರಕ್ತ ಕೊಟ್ಟಿದ್ದೇವೆ. ಅವರಲ್ಲಿ ಇಲ್ಲ ಅಂದರೆ ಆ ದೋಷಕ್ಕಾಗಿ ನನಗೆ ಟೆಸ್ಟೇ ಬೇಡ.

ಬೇಜಾರಾಗಿದ್ದು ರಿಪೋರ್ಟ್ ಕೊಟ್ಟ ರೀತಿಗೆ. ಏಳನೇ ಕ್ಲಾಸ್ ಓದಿದ ಅತ್ತೆಗೆ ಲ್ಯಾಬ್‌ನವರು ಇಂಗ್ಲಿಷ್ ಪಿಡಿಎಫ್ ವಾಟ್ಸಾಪ್ ಮಾಡಿ ಕೈತೊಳೆದುಕೊಂಡರು! ಜೆನೆಟಿಕ್ ಕೌನ್ಸೆಲರ್‌ಗಾಗಿ (ಜೀನ್ ರಿಪೋರ್ಟ್ ವಿವರಿಸಿ ಸಲಹೆ ಕೊಡುವವರು) ಬೆಂಗಳೂರಿಗೇ ಹೋಗಬೇಕಾಯಿತು. ಅವರು ಮಾತ್ರ ಕನ್ನಡದಲ್ಲಿ, ಚಿತ್ರ ಬರೆದು ವಿವರಿಸಿದರು. ಅಂಡಾಶಯದ ಕ್ಯಾನ್ಸರ್ ಅಪಾಯವೂ ಜಾಸ್ತಿ ಅಂತ ತಿಳಿದಿದ್ದು ಅಲ್ಲೇ. ದೋಷ ಇರುವ ಹೆಂಗಸರಿಗೆ 25ರ ವಯಸ್ಸಿನಿಂದಲೇ ವರ್ಷಕ್ಕೊಮ್ಮೆ ಸ್ತನದ ಎಂಆರ್‌ಐ ಸಲಹೆ ಮಾಡುತ್ತಾರಂತೆ. ಕೂಲಿ ಮಾಡುವವರು ಪ್ರತಿ ವರ್ಷ ಆ ದುಡ್ಡು ಎಲ್ಲಿಂದ ತರಬೇಕು?

ಅಣ್ಣ ಇನ್ನೂ "ಗಂಡಸರಿಗೇಕೆ ಇದು" ಅಂತಿದ್ದಾನೆ. ಅವನಿಗೆ ಹೆಣ್ಣುಮಕ್ಕಳಿದ್ದಾರೆ. ಅಪ್ಪನ ರಿಪೋರ್ಟ್‌ನಲ್ಲೂ ದೋಷ ಸಿಕ್ಕರೆ ಅವನನ್ನೂ ಕೌನ್ಸೆಲರ್ ಹತ್ತಿರ ಎಳೆದುಕೊಂಡು ಹೋಗುತ್ತೇನೆ.