ಕ್ವಾಲಿಸ್ ಡೀಸೆಲ್ ಪಂಪಿಗೆ ಓ-ರಿಂಗ್ ಹಾಕಿದ ಮೇಲೆ ಸ್ಟಾರ್ಟ್ ಆಗಿ ಆಫ್ ಆಗುತ್ತಿದೆ, ಗೊತ್ತಿದ್ದವರು ಹೇಳಿ

ಕೊಪ್ಪದ_ಕ್ವಾಲಿಸ್
ತಲೆ ಕೆಟ್ಟು ಹೋಗಿದೆ. ಗಾಡಿ 2003ರ ಟೊಯೋಟಾ ಕ್ವಾಲಿಸ್, 2446 ಸಿಸಿ. ಪಂಪಿನ ಮೇಲಿಂದ ಡೀಸೆಲ್ ಒಸರುತ್ತಿತ್ತು. ಸೀಲ್ ಕಿಟ್ ತಂದು ನಾನೇ ಓ-ರಿಂಗ್ (ರಬ್ಬರ್ ಬಳೆ) ಹಾಕಿದೆ. ಒಸರುವುದು ನಿಂತಿತು, ಆದರೆ ಹೊಸ ತಲೆನೋವು ಶುರು. ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗುತ್ತದೆ, ಐಡಲಿಂಗ್‌ನಲ್ಲಿ ಸ್ವಲ್ಪ ಹೊತ್ತು ಓಡುತ್ತದೆ. ರೇಸ್ ಕೊಟ್ಟರೆ ಮಿಸ್ ಹೊಡೆದು ಆಫ್. ಪ್ರೈಮರ್ (ಡೀಸೆಲ್ ತುಂಬಿಸುವ ಕೈಪಂಪ್) ಒತ್ತಿದರೆ ಮತ್ತೆ ಸ್ಟಾರ್ಟ್. ಬೆಳಿಗ್ಗೆ ಬಿಳಿ ಹೊಗೆ ಬೇರೆ. ಏರ್ ತೆಗೆದಿದ್ದೇನೆ, ಫಿಲ್ಟರ್ ಹೊಸದು. ಅಡಿಕೆ ಕೊಯ್ಲು ಶುರುವಾಗಿದೆ, ಗಾಡಿ ಬೇಕೇ ಬೇಕು. ಪಂಪ್ ಬಿಚ್ಚಿ ಶಿವಮೊಗ್ಗಕ್ಕೆ ಕ್ಯಾಲಿಬ್ರೇಷನ್‌ಗೆ ಕೊಡಿ ಅಂತ ಮಾತ್ರ ಹೇಳಬೇಡಿ.

ಡೀಸೆಲ್_ದೊಡ್ಡಪ್ಪ
ಬಿಳಿ ಹೊಗೆ ಅಂದಿರಲ್ಲ, ಮುಗಿಯಿತು. ಟೈಮಿಂಗ್ ಲೇಟ್ ಆಗಿದೆ, ಅಂದರೆ ಇಂಜಿನ್‌ಗೆ ಡೀಸೆಲ್ ಚಿಮ್ಮುವ ಹೊತ್ತು ತಡವಾಗಿದೆ. ಪಂಪ್ ವಾಪಸ್ ಕೂರಿಸುವಾಗ ಬೆಲ್ಟ್ ಒಂದು ಹಲ್ಲು ಜಾರಿದೆ. ಮುಂದಿನ ಕವರ್ ಬಿಚ್ಚಿ ಮಾರ್ಕ್ ಕೂಡಿಸಿ.

ಘಟ್ಟದ_ಜೀಪು
ದೊಡ್ಡಪ್ಪ, ಟೈಮಿಂಗ್ ತಪ್ಪಿದರೆ ಪ್ರೈಮರ್ ಒತ್ತಿದ್ದಕ್ಕೆ ಯಾಕೆ ಸರಿಯಾಗುತ್ತದೆ? ಇದು ಗಾಳಿ. ಈ ರೋಟರಿ ಪಂಪಿಗೆ ಬೇರೆ ಲಿಫ್ಟ್ ಪಂಪ್ ಇಲ್ಲ. ಒಳಗಿರುವ ವೇನ್ ಪಂಪೇ ಟ್ಯಾಂಕಿನಿಂದ ಡೀಸೆಲ್ ಎಳೆದುಕೊಳ್ಳಬೇಕು. ಎಳೆಯುವ ಕಡೆ ಸಂದಿ ಇದ್ದರೆ ಒಂದು ಹನಿಯೂ ಹೊರಗೆ ಬರುವುದಿಲ್ಲ, ಸುಮ್ನೆ ಗಾಳಿ ಒಳಗೆ ಹೋಗುತ್ತಿರುತ್ತದೆ. ಫಿಲ್ಟರಿನಿಂದ ಪಂಪಿಗೆ ಬರುವ ಪೈಪ್ ತೆಗೆದು, ಒಳಗಿನದು ಕಾಣುವಂಥ ಪ್ಲಾಸ್ಟಿಕ್ ಪೈಪ್ ಹಾಕಿ ನೋಡಿ. ಪೈಪ್ ಬೋಲ್ಟಿನ ತಾಮ್ರದ ವಾಷರ್ ಹಳೆಯದೇ ಹಾಕಿದ್ದೀರಾ?

ಕೊಪ್ಪದ_ಕ್ವಾಲಿಸ್
ವಾಷರ್ ಹಳೆಯದೇ. ಕಿಟ್‌ನಲ್ಲಿ ಬಂದಿರಲಿಲ್ಲ.

ಡೀಸೆಲ್_ದೊಡ್ಡಪ್ಪ
ವಾಷರ್ ಆಮೇಲೆ ನೋಡೋಣ. ಬೆಲ್ಟ್ ಮಾರ್ಕ್ ಫೋಟೋ ಹಾಕಿ.

ಎಲೆ_ಅಡಿಕೆ_ಡೀಸೆಲ್
ಹಳೆ ವಾಷರ್ ಆದರೆ ಗ್ಯಾಸ್ ಒಲೆ ಮೇಲೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿ. ಮೆತ್ತಗಾಗುತ್ತದೆ, ಹೊಸದರ ಹಾಗೆ ಕೂರುತ್ತದೆ.

ಘಟ್ಟದ_ಜೀಪು
ನೀರಿಗೆ ಹಾಕಿದರೆ ಗಟ್ಟಿಯಾಗುತ್ತದೆ ಮಾರಾಯ್ರೇ. ತಾನಾಗಿ ಆರಲು ಬಿಡಬೇಕು.

ಎಲೆ_ಅಡಿಕೆ_ಡೀಸೆಲ್
ಅದು ಉಕ್ಕಿಗೆ. ತಾಮ್ರಕ್ಕೆ ನೀರಾದರೂ ಒಂದೇ, ಗಾಳಿಯಾದರೂ ಒಂದೇ. ಕಮ್ಮಾರಸಾಲೆಯಲ್ಲಿ ಕೇಳಿ ನೋಡಿ.

ಘಟ್ಟದ_ಜೀಪು
ನಾನು ಹೊಸದೇ ಹಾಕುವುದು. ನನ್ನ ಜೀಪಿನಲ್ಲಿ ಎರಡು ಫಿಲ್ಟರ್, ಅದಕ್ಕೂ ಮೊದಲು ನೀರು ಬೇರೆ ಮಾಡುವ ಗಾಜಿನ ಬಟ್ಟಲು, ಟ್ಯಾಂಕಿನ ಪಕ್ಕ ಕರೆಂಟಿನ ಪಂಪ್. 2112 ಸಿಸಿ ಹಳೆ ಇಂಜಿನ್. ಚಾರ್ಮಾಡಿಯಲ್ಲಿ ಲೋಡ್ ಹಾಕಿಕೊಂಡು ಹತ್ತಿದರೂ ಒಂದು ದಿನ ಕೆಮ್ಮಿಲ್ಲ.

ಡೀಸೆಲ್_ದೊಡ್ಡಪ್ಪ
ಜೀಪಿನ ಪುರಾಣ ಸಾಕು. ಕ್ವಾಲಿಸ್‌ನವರು ಇನ್ನೂ ಬೆಲ್ಟ್ ಫೋಟೋ ಹಾಕಿಲ್ಲ.

ಕೊಪ್ಪದ_ಕ್ವಾಲಿಸ್
ದೊಡ್ಡಪ್ಪ, ಪಂಪನ್ನು ಇಂಜಿನ್‌ನಿಂದ ಬಿಚ್ಚಿಯೇ ಇಲ್ಲ. ಗಾಡಿಯಲ್ಲೇ ಇಟ್ಟುಕೊಂಡು ಮೇಲಿನ ಕವರ್ ಎತ್ತಿ ಆಕ್ಸಿಲರೇಟರ್ ಶಾಫ್ಟಿನ ಓ-ರಿಂಗ್ ಮತ್ತು ಕವರ್ ಸೀಲ್ ಬದಲಿಸಿದ್ದು, ಅಷ್ಟೇ. ಬೆಲ್ಟ್ ಮುಟ್ಟಿಲ್ಲ.

ಡೀಸೆಲ್_ದೊಡ್ಡಪ್ಪ
ಇದನ್ನು ಮೊದಲೇ ಬರೆಯಬಾರದಿತ್ತಾ? ಇರಲಿ. ಬೆಲ್ಟ್ ಹಳೆಯದಾಗಿದ್ದರೆ ತಾನಾಗಿಯೂ ಜಾರಬಹುದು.

ಬೆಂಚ್_ಟೆಸ್ಟ್
ಶಾಫ್ಟ್ ಬಿಚ್ಚುವಾಗ ಲಿವರ್ ಯಾವ ಹಲ್ಲಿನಲ್ಲಿ ಕೂತಿತ್ತು ಅಂತ ಗುರುತು ಹಾಕಿಕೊಂಡಿದ್ದಿರಾ? ಕವರ್ ಒಳಗೆ ವೇಗ ಹಿಡಿತದಲ್ಲಿಡುವ ಗವರ್ನರ್ ಸ್ಪ್ರಿಂಗ್ ಸರಿಯಾಗಿ ಸಿಕ್ಕಿಸಿದ್ದೀರಾ? ಹೆಚ್ಚೆಂದರೆ ಎಷ್ಟು ಡೀಸೆಲ್ ಅಂತ ಮಿತಿ ಇಡುವ ಹಿಂದಿನ ಫುಲ್ ಲೋಡ್ ಸ್ಕ್ರೂ ತಿರುಗಿಸಿಲ್ಲ ತಾನೇ? ಕೀ ಆನ್ ಮಾಡಿದಾಗ ಡೀಸೆಲ್ ಬಿಡುವ ಸೊಲೆನಾಯ್ಡ್ ಟಕ್ ಅನ್ನುತ್ತದಾ?

ಕೊಪ್ಪದ_ಕ್ವಾಲಿಸ್
ಗುರುತು ಹಾಕಿದ್ದೆ. ಸ್ಪ್ರಿಂಗ್ ಸರಿ ಇದೆ. ಸ್ಕ್ರೂ ಮುಟ್ಟಿಲ್ಲ. ಟಕ್ ಅನ್ನುತ್ತದೆ. ಹೊಸ ವಾಷರ್ ಹಾಕಿದೆ, ಏನೂ ಬದಲಾಗಿಲ್ಲ. ಪ್ಲಾಸ್ಟಿಕ್ ಪೈಪೂ ಹಾಕಿದೆ. ಪಂಪಿಗೆ ಹೋಗುವ ಕಡೆ ಒಂದು ಗುಳ್ಳೆಯೂ ಇಲ್ಲ.

ಘಟ್ಟದ_ಜೀಪು
ಗುಳ್ಳೆ ಇಲ್ಲವಾ? ಬೆಳಕಿಗೆ ಹಿಡಿದು ನೋಡಿ. ಟ್ಯಾಂಕ್ ಮುಚ್ಚಳದ ತೂತು ಕಟ್ಟಿರಬಹುದು. ಬಾಟಲಿಯಲ್ಲಿ ಡೀಸೆಲ್ ತುಂಬಿ ಬಾನೆಟ್ ಮೇಲಕ್ಕೆ ಕಟ್ಟಿ, ಪೈಪನ್ನು ಅದಕ್ಕೇ ಬಿಡಿ.

ಎಲೆ_ಅಡಿಕೆ_ಡೀಸೆಲ್
ಒಂದು ಮಾತು. ಈ ಹಳೆ ಪಂಪುಗಳೆಲ್ಲ ಒಸರಲು ಶುರುವಾಗಿದ್ದೇ ಹೊಸ ಡೀಸೆಲ್ ಬಂದ ಮೇಲೆ. 2020ರ ಏಪ್ರಿಲ್‌ನಿಂದ ಗಂಧಕ 10 ಪಿಪಿಎಂ ಅಷ್ಟೇ. ಗಂಧಕ ಹೋದರೆ ಜಾರಿಕೆಯೂ ಹೋಗುತ್ತದೆ. ನಾನು ಟ್ಯಾಂಕಿಗೆ ಸ್ವಲ್ಪ ಟೂ-ಟಿ ಆಯಿಲ್ (ಟೂ-ಸ್ಟ್ರೋಕ್ ಬೈಕಿನ ಆಯಿಲ್) ಹಾಕುತ್ತೇನೆ, ಪಂಪ್ ಬೆಣ್ಣೆಯ ಹಾಗೆ ಓಡುತ್ತದೆ.

ಬೆಂಚ್_ಟೆಸ್ಟ್
ಜಾರಿಕೆಗೆ ಬೇಕಾದ್ದನ್ನು ಕಂಪನಿಯವರೇ ಬೆರೆಸಿ ಕಳಿಸುತ್ತಾರೆ. ನಮ್ಮ ಬಿಎಸ್-6 ಡೀಸೆಲ್‌ಗೂ ಸವಕಳಿ ಪರೀಕ್ಷೆಯಲ್ಲಿ ಬೀಳುವ ಗುರುತಿಗೆ 460 ಮೈಕ್ರಾನ್ ಮಿತಿ ಇದೆ. ಟೂ-ಟಿ ಹಾಕುವುದು ನಿಮ್ಮ ಸಮಾಧಾನಕ್ಕೆ. ಹಳೆ ರಬ್ಬರ್ ಕುಗ್ಗಿ ಒಸರುತ್ತದೆ ಅನ್ನುವುದು ಬೇರೆ ವಿಷಯ, ಅದು ನಿಜ.

ಎಲೆ_ಅಡಿಕೆ_ಡೀಸೆಲ್
ಸಮಾಧಾನಕ್ಕಲ್ಲ, ಸದ್ದೇ ಕಡಿಮೆ ಆಗುತ್ತದೆ. ಕಿವಿ ಇದ್ದವರಿಗೆ ಗೊತ್ತಾಗುತ್ತದೆ.

ಕೊಪ್ಪದ_ಕ್ವಾಲಿಸ್
ದಯವಿಟ್ಟು ನನ್ನ ಗಾಡಿ ಕಡೆ ಬನ್ನಿ. ಬಾಟಲಿ ಕಟ್ಟಿ ನೋಡಿದೆ. ಅದೇ ಕಥೆ, ರೇಸ್ ಕೊಟ್ಟರೆ ಆಫ್.

ಬೆಂಚ್_ಟೆಸ್ಟ್
ಹಾಗಾದರೆ ಟ್ಯಾಂಕ್, ಫಿಲ್ಟರ್, ಪೈಪ್ ಯಾವುದರದ್ದೂ ತಪ್ಪಿಲ್ಲ. ಡೀಸೆಲ್ ಪಂಪಿನ ಬಾಗಿಲವರೆಗೆ ಬಂದು ಅಲ್ಲೇ ನಿಲ್ಲುತ್ತಿದೆ. ಪಂಪಿಗೆ ಎರಡು ಬ್ಯಾಂಜೋ ಬೋಲ್ಟ್ (ಡೀಸೆಲ್ ಹರಿಯಲು ಒಳಗೆ ತೂತಿರುವ ಬೋಲ್ಟ್) ಇರುತ್ತವೆ. ಒಂದು ಒಳಗೆ ಬರುವ ಪೈಪಿಗೆ, ಇನ್ನೊಂದು ಮಿಕ್ಕ ಡೀಸೆಲ್ ವಾಪಸ್ ಹೋಗುವ ರಿಟರ್ನ್ ಪೈಪಿಗೆ. ಕವರ್ ಎತ್ತಬೇಕಾದರೆ ಎರಡನ್ನೂ ಬಿಚ್ಚಿರುತ್ತೀರಿ, ಅಲ್ವಾ? ನೋಡಲು ಒಂದೇ ಥರ. ಆದರೆ ರಿಟರ್ನ್ ಬೋಲ್ಟಿನ ತಲೆ ಮೇಲೆ ಇಂಗ್ಲಿಷಿನಲ್ಲಿ ಸಣ್ಣದಾಗಿ ಔಟ್ ಅಂತ ಇರುತ್ತದೆ. ಅದರೊಳಗಿನ ತೂತು ಸೂಜಿ ತೂರುವಷ್ಟೇ. ಬಾಯಿಗಿಟ್ಟು ಊದಿದರೆ ತಿಳಿಯುತ್ತದೆ, ಒಂದರಲ್ಲಿ ಗಾಳಿ ಸಲೀಸು, ಇನ್ನೊಂದರಲ್ಲಿ ಕೆನ್ನೆ ಉಬ್ಬುತ್ತದೆ.

ಆ ಸಣ್ಣ ತೂತಿನಿಂದಲೇ ಪಂಪಿನ ಹೊಟ್ಟೆಯೊಳಗೆ ಒತ್ತಡ ನಿಲ್ಲುವುದು. ಆ ಒತ್ತಡವೇ ಅಡ್ವಾನ್ಸ್ ಪಿಸ್ಟನ್ (ವೇಗ ಏರಿದ ಹಾಗೆ ಡೀಸೆಲ್ ಬೇಗ ಚಿಮ್ಮಿಸುವ ಭಾಗ) ತಳ್ಳುತ್ತದೆ. ಬೋಲ್ಟ್ ಅದಲು ಬದಲಾದರೆ ಬರುವ ಡೀಸೆಲ್‌ಗೆ ಸೂಜಿ ತೂತು, ಹೋಗುವ ಡೀಸೆಲ್‌ಗೆ ಹೆಬ್ಬಾಗಿಲು. ಐಡಲಿಂಗ್‌ಗೆ ಸಾಲುತ್ತದೆ, ರೇಸಿಗೆ ಸಾಲುವುದಿಲ್ಲ. ಅಡ್ವಾನ್ಸ್ ಸಿಗದೆ ಬಿಳಿ ಹೊಗೆಯೂ ಬರುತ್ತದೆ.

ಕೊಪ್ಪದ_ಕ್ವಾಲಿಸ್
ಟಾರ್ಚ್ ಹಿಡಿದು ನೋಡಿದೆ. ಫಿಲ್ಟರ್ ಪೈಪಿನ ಬೋಲ್ಟ್ ಮೇಲೆ ಜಿಡ್ಡು ಒರೆಸಿದರೆ ಔಟ್ ಅಂತ ಕಾಣುತ್ತದೆ! ಬದಲಿಸಿ ಏರ್ ತೆಗೆದೆ. ರೇಸ್ ಎಷ್ಟು ಕೊಟ್ಟರೂ ನಿಲ್ಲುತ್ತಿಲ್ಲ. ಹೊಗೆ ಮುಕ್ಕಾಲು ಹೋಯಿತು. ಬೆಂಚ್ ಸಾರ್, ಕೊಪ್ಪಕ್ಕೆ ಬಂದರೆ ಊಟ ನಮ್ಮ ಮನೆಯಲ್ಲೇ.

ಡೀಸೆಲ್_ದೊಡ್ಡಪ್ಪ
ಮುಕ್ಕಾಲು ಮಾತ್ರ ಹೋಯಿತಾ? ಕಾಲು ಭಾಗ ಉಳಿದಿದೆಯಲ್ಲ, ಅದು ಟೈಮಿಂಗ್.

ಬೆಂಚ್_ಟೆಸ್ಟ್
ತಣ್ಣಗಿನ ಇಂಜಿನ್ ಕಾಯಿಸುವ ಹೀಟರ್ ಪ್ಲಗ್ ಒಂದೊಂದಾಗಿ ಚೆಕ್ ಮಾಡಿ ಮೊದಲು.

ಕೊಪ್ಪದ_ಕ್ವಾಲಿಸ್
ಆಯಿತು. ಇನ್ನೊಂದು ಇದೆ. ಬಿಸಿಯಾಗಿದ್ದಾಗ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗಲು ಸೆಲ್ಫ್ ಜಾಸ್ತಿ ಹೊತ್ತು ಹೊಡೆಯಬೇಕು. ಇದು ಓ-ರಿಂಗ್ ಹಾಕುವ ಮೊದಲೂ ಇತ್ತು.

ಎಲೆ_ಅಡಿಕೆ_ಡೀಸೆಲ್
ಪಂಪ್ ಮೇಲೆ ಒಂದು ಚೊಂಬು ತಣ್ಣೀರು ಹುಯ್ದು ನೋಡಿ. ಕೂಡಲೇ ಸ್ಟಾರ್ಟ್ ಆದರೆ ಪಂಪಿನ ಹೆಡ್ (ಡೀಸೆಲ್‌ಗೆ ಒತ್ತಡ ಕೊಡುವ ಭಾಗ) ಸವೆದಿದೆ ಅಂತ ಅರ್ಥ.

ಬೆಂಚ್_ಟೆಸ್ಟ್
ಹುಯ್ಯಬೇಡಿ! ಕಾದ ಪಂಪಿಗೆ ನೀರು ಬಿದ್ದರೆ ರೋಟರ್ ಹಿಡಿದುಕೊಳ್ಳಬಹುದು. ಒದ್ದೆ ಬಟ್ಟೆ ಸುತ್ತಿ ಸ್ವಲ್ಪ ಹೊತ್ತು ಬಿಡಿ, ಸಾಕು. ಅರ್ಥ ಮಾತ್ರ ಅವರು ಹೇಳಿದ್ದೇ. ಬಿಸಿಗೆ ಡೀಸೆಲ್ ತೆಳ್ಳಗಾಗಿ ಸವೆದ ಕಡೆ ನುಸುಳಿ ಹೋಗುತ್ತದೆ. ಹಾಗಿದ್ದರೆ ನೀವು ಬೇಡ ಅಂದಿದ್ದ ಶಿವಮೊಗ್ಗಕ್ಕೇ ಹೋಗಬೇಕು.

ಎಲೆ_ಅಡಿಕೆ_ಡೀಸೆಲ್
ನಮ್ಮ ಕಡೆ ಎಲ್ಲರೂ ನೀರೇ ಹುಯ್ಯುವುದು. ಯಾವ ರೋಟರೂ ಹಿಡಿದಿಲ್ಲ.

ಕೊಪ್ಪದ_ಕ್ವಾಲಿಸ್
ಕೊಯ್ಲು ಮುಗಿಯಲಿ, ಆಮೇಲೆ ನೋಡುತ್ತೇನೆ. ಅಲ್ಲಿಯವರೆಗೆ ಇಳಿಜಾರಿನಲ್ಲಿ ನಿಲ್ಲಿಸುತ್ತೇನೆ.

ಹೊಸ_ಸದಸ್ಯ_ಕಡೂರು
ಸಾರ್, ನನ್ನ ಟ್ರ್ಯಾಕ್ಟರಿನಲ್ಲೂ ಇದೇ ತೊಂದರೆ. ಏನು ಮಾಡಲಿ?

ಡೀಸೆಲ್_ದೊಡ್ಡಪ್ಪ
ಯಾವ ಟ್ರ್ಯಾಕ್ಟರ್, ಯಾವ ಪಂಪ್, ಏನು ಬಿಚ್ಚಿದಿರಿ ಎಲ್ಲ ಬರೆದು ಹೊಸ ಚರ್ಚೆ ಶುರು ಮಾಡಿ. ಟೈಮಿಂಗ್ ಫೋಟೋ ಜೊತೆಗೆ.